‘ಬೇರೆ ಆದಾಯವಿದೆ’ ಎಂಬ ಮುಚ್ಚಳಿಕೆ: ನಿಡುಗಲ್ ಸೀಮೆಯ ಗ್ರಾಮೀಣ ಡಾಕ್ ಸೇವಕರ ಸೇವಾ ನಿಯಮಗಳನ್ನು ಕುರಿತು

ಮಧುಗಿರಿ ಪಟ್ಟಣದ ಬೀದಿಗಳಲ್ಲಿ ಕಾಗದ ಹಂಚುವ ಪೋಸ್ಟ್‌ಮ್ಯಾನ್ ಕೇಂದ್ರ ಸರ್ಕಾರದ ನೌಕರ. ಅದೇ ತಾಲ್ಲೂಕಿನ ಬ್ರಾಂಚ್ ಆಫೀಸೊಂದರಿಂದ ಚೀಲ ಹೊತ್ತು ಹಳ್ಳಿ ಹಳ್ಳಿ ಸುತ್ತುವ ಗ್ರಾಮೀಣ ಡಾಕ್ ಸೇವಕ ಹಾಗಲ್ಲ. ಇಬ್ಬರ ಕೈಯಲ್ಲೂ ಇರುವುದು ಒಂದೇ ಇಲಾಖೆಯ ಟಪಾಲು. ಊರವರ ಬಾಯಲ್ಲಿ ಇಬ್ಬರೂ ಪೋಸ್ಟ್‌ಮ್ಯಾನೇ. ಆದರೂ ಸಂಬಳ, ರಜೆ, ಶಿಸ್ತುಕ್ರಮ, ನಿವೃತ್ತಿ ಎಲ್ಲದರಲ್ಲೂ ಸೇವಕರಿಗೆ ಪ್ರತ್ಯೇಕ ನಿಯಮಾವಳಿ. ಈಗ ನಡೆಯುತ್ತಿರುವುದು 2020ರದು. ಅದಕ್ಕೆ ಮುಂಚೆ 2011ರದು, 2001ರದು; ಎಲ್ಲಕ್ಕೂ ಮೂಲ 1964ರ ಇಲಾಖೇತರ ಏಜೆಂಟರ ನಿಯಮಾವಳಿ. ಹಳಬರು ಇಂದಿಗೂ ಈ ಹುದ್ದೆಯನ್ನು ‘ಇ.ಡಿ.’ (ಎಕ್ಸ್‌ಟ್ರಾ ಡಿಪಾರ್ಟ್‌ಮೆಂಟಲ್) ಎಂದೇ ಕರೆಯುತ್ತಾರೆ.

ಈ ನಿಯಮಗಳನ್ನೂ ಅವುಗಳ ಮೇಲಿನ ತೀರ್ಪುಗಳನ್ನೂ ಒಟ್ಟಿಗಿಟ್ಟು ಓದಿದಾಗ ಒಂದು ಷರತ್ತು ಮತ್ತೆ ಮತ್ತೆ ಎದುರಾಗುತ್ತದೆ. ಸರ್ಕಾರ ಕೊಡುವ ಭತ್ಯೆಯ ಜೊತೆಗೆ ತನ್ನ ಮತ್ತು ತನ್ನ ಕುಟುಂಬದ ಜೀವನಕ್ಕೆ ಸಾಕಾಗುವ ಬೇರೆ ಆದಾಯ ತನಗಿದೆ ಎಂದು ಸೇವಕರು ಮುಚ್ಚಳಿಕೆ ಬರೆದುಕೊಡಬೇಕು. ಕೆಲಸದ ಅವಧಿ ಕಿರಿದಾಗಿರುವುದಕ್ಕೂ, ಪಿಂಚಣಿ ಇಲ್ಲದಿರುವುದಕ್ಕೂ, ವೇತನ ಆಯೋಗಗಳು ಈ ವರ್ಗವನ್ನು ಹೊರಗಿಟ್ಟಿರುವುದಕ್ಕೂ ಕೊನೆಗೆ ಕೊಡುವ ಸಮರ್ಥನೆಯಲ್ಲಿ ಈ ಮುಚ್ಚಳಿಕೆ ಇದ್ದೇ ಇರುತ್ತದೆ. ಮಳೆಯನ್ನು ನಂಬಲಾಗದ ನಿಡುಗಲ್ ಸೀಮೆಯಲ್ಲಿ ಆ ‘ಬೇರೆ ಆದಾಯ’ ಎಷ್ಟರಮಟ್ಟಿಗೆ ನಿಜ ಎಂಬುದು ಈ ಟಿಪ್ಪಣಿಯ ಪ್ರಶ್ನೆ.

ನಿಡುಗಲ್ ಸೀಮೆ ಎಂದು ಇಲ್ಲಿ ಕರೆದಿರುವುದು ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಈ ನಾಲ್ಕು ತಾಲ್ಲೂಕುಗಳನ್ನು. ಹನ್ನೆರಡು ಹದಿಮೂರನೆಯ ಶತಮಾನಗಳಲ್ಲಿ ಚೋಳ ಮನೆತನದ ಒಂದು ಕವಲು ಆಳಿದ ನಿಡುಗಲ್ ದುರ್ಗ ಪಾವಗಡ ತಾಲ್ಲೂಕಿನಲ್ಲಿದೆ. ಪ್ರಾದೇಶಿಕ ಅಸಮತೋಲನದ ಬಗ್ಗೆ ಡಿ.ಎಂ. ನಂಜುಂಡಪ್ಪ ಸಮಿತಿ 2002ರಲ್ಲಿ ಕೊಟ್ಟ ವರದಿ ಮಧುಗಿರಿ, ಶಿರಾ, ಪಾವಗಡ ಮೂರನ್ನೂ ಅತ್ಯಂತ ಹಿಂದುಳಿದ ತಾಲ್ಲೂಕುಗಳ ಪಟ್ಟಿಗೆ ಸೇರಿಸಿತು. ಪಾವಗಡದ ಸ್ಥಿತಿ ಇನ್ನೂ ವಿಶೇಷ. ಆಡಳಿತಕ್ಕೆ ತುಮಕೂರು ಜಿಲ್ಲೆ, ಸುತ್ತ ಬಹುಪಾಲು ಆಂಧ್ರದ ನೆಲ, ಮನೆಮನೆಯಲ್ಲಿ ತೆಲುಗು. ಮಧುಗಿರಿ, ಶಿರಾ, ಕೊರಟಗೆರೆಯ ಪಿನ್‌ಕೋಡ್ 572ರಿಂದ ಶುರುವಾದರೆ ಪಾವಗಡದ್ದು 561202. ಗಡಿಯ ಹಳ್ಳಿಯಲ್ಲಿ ಸೇವಕರು ಬಾಗಿಲಲ್ಲಿ ತೆಲುಗು ಮಾತಾಡಿ, ಫಾರಂ ತುಂಬುವುದು ಕನ್ನಡದಲ್ಲಿ. ನೇಮಕಾತಿಯ ನಿಯಮಕ್ಕೆ ಮುಖ್ಯವಾಗಿ ಬೇಕಾಗಿರುವುದು ಹತ್ತನೆಯ ತರಗತಿಯ ಅಂಕ ಮತ್ತು ಕನ್ನಡದ ಓದು. ಎರಡು ಭಾಷೆಯಲ್ಲಿ ಒಂದು ಊರಿನ ನಂಬಿಕೆ ಗಳಿಸುವ ಕೆಲಸಕ್ಕೆ ಯಾವ ಲೆಕ್ಕದಲ್ಲೂ ಅಂಕವಿಲ್ಲ.

ಈ ಸೀಮೆ ಸೇರಿದ್ದ ಮೈಸೂರು ಸಂಸ್ಥಾನಕ್ಕೆ ಚಿಕ್ಕದೇವರಾಜ ಒಡೆಯರ ಕಾಲದಿಂದ ಬಂದ ತನ್ನದೇ ಅಂಚೆ ಇತ್ತು. 1889ರಲ್ಲಿ ಅದು ಬ್ರಿಟಿಷ್ ಇಂಡಿಯಾದ ಅಂಚೆಯಲ್ಲಿ ಲೀನವಾಯಿತು. ಅಲ್ಲಿಂದ ಮುಂದೆ ಈ ಸೀಮೆಯ ಟಪಾಲು ಹೊರುವವರಿಗೂ ಅನ್ವಯಿಸಿದ್ದು ಇಂಡಿಯಾ ಸರ್ಕಾರದ ಕಾನೂನು, ಮುಖ್ಯವಾಗಿ 1898ರ ಅಂಚೆ ಕಚೇರಿ ಅಧಿನಿಯಮ. ಅದರ 49ನೆಯ ಕಲಮು ಕುಡಿದು ಕೆಲಸಕ್ಕೆ ಬಂದರೆ, ಅಜಾಗರೂಕನಾದರೆ, ದಾರಿಯಲ್ಲಿ ಕಾಲಹರಣ ಮಾಡಿದರೆ 50 ರೂಪಾಯಿವರೆಗೆ ದಂಡ ಎನ್ನುತ್ತಿತ್ತು. 50ನೆಯ ಕಲಮು ಇನ್ನೂ ಕಠಿಣ. ಅನುಮತಿಯಿಲ್ಲದೆ, ಇಲ್ಲವೇ ಒಂದು ತಿಂಗಳ ಲಿಖಿತ ನೋಟಿಸ್ ಕೊಡದೆ ಕೆಲಸ ಬಿಟ್ಟವನಿಗೆ ಒಂದು ತಿಂಗಳವರೆಗೆ ಸೆರೆವಾಸ, ಇಲ್ಲವೇ ದಂಡ, ಇಲ್ಲವೇ ಎರಡೂ. ಕೂಲಿಯಾಳು ಕೆಲಸ ಬಿಟ್ಟರೆ ಕೂಲಿ ಹೋಗುತ್ತದೆ. ಟಪಾಲಿನವನು ಬಿಟ್ಟರೆ ಜೈಲನ್ನೂ ಕಾಣಬೇಕಾಗಬಹುದಿತ್ತು. ಹಳೆಯ ಕಾಯ್ದೆಯ ಅಪರಾಧ ಮತ್ತು ಶಿಕ್ಷೆಗಳ ಅಧ್ಯಾಯವನ್ನು 2023ರ ಜನ ವಿಶ್ವಾಸ್ ಅಧಿನಿಯಮ ಪೂರ್ತಿಯಾಗಿ ತೆಗೆಯಿತು; ಅದೇ ವರ್ಷ ಬಂದು 2024ರ ಜೂನ್ 18ರಂದು ಜಾರಿಯಾದ ಹೊಸ ಅಂಚೆ ಕಚೇರಿ ಅಧಿನಿಯಮ ಆ ಕಾಯ್ದೆಯನ್ನೇ ರದ್ದು ಮಾಡಿತು. ಸಂಸತ್ತಿನಲ್ಲಿ ಚರ್ಚೆಯಾದದ್ದು ಟಪಾಲನ್ನು ತಡೆದು ತೆರೆಯುವ ಸರ್ಕಾರದ ಅಧಿಕಾರದ ಬಗ್ಗೆ. ಟಪಾಲು ಹೊರುವವನ ತಲೆಯ ಮೇಲೆ ಸುಮಾರು 125 ವರ್ಷ ತೂಗುತ್ತಿದ್ದ ಈ ಕಲಮುಗಳು ಸದ್ದಿಲ್ಲದೆ ಮರೆಯಾದವು. ಇದು ದಾಖಲಾಗಬೇಕಾದ ಸಂಗತಿ ಎಂದು ಭಾವಿಸುತ್ತೇನೆ.

ಇಲಾಖೇತರ ಏಜೆಂಟರ ವ್ಯವಸ್ಥೆಯ ಬೇರು 1854ರಷ್ಟು ಹಿಂದಕ್ಕೆ ಹೋಗುತ್ತದೆ. 1997ರಲ್ಲಿ ಕಾಮೇಶ್ವರ್ ಪ್ರಸಾದ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಅದರ ಉದ್ದೇಶವನ್ನು ವಿವರಿಸಿದೆ. ಚದುರಿಹೋದ ಹಳ್ಳಿಗಳಿಗೆ ಕಡಿಮೆ ಖರ್ಚಿನಲ್ಲಿ ಅಂಚೆ ತಲುಪಿಸಬೇಕು. ಅದಕ್ಕಾಗಿ ಊರಿನ ಶಾಲಾ ಮೇಷ್ಟ್ರು, ಅಂಗಡಿಯವರು, ಜಮೀನ್ದಾರರಂಥ ಓದುಬರಹ ಬಲ್ಲ, ಸ್ವಂತ ಜೀವನೋಪಾಯವಿರುವ ಜನ ತಮ್ಮ ಬಿಡುವಿನ ವೇಳೆಯಲ್ಲಿ ಇಲಾಖೆಗೆ ನೆರವಾಗಬೇಕು. ಅಂದರೆ ಕಾನೂನು ಕಲ್ಪಿಸಿಕೊಂಡದ್ದು ಕೆಲಸಗಾರನನ್ನಲ್ಲ, ಅನುಕೂಲಸ್ಥ ಗೃಹಸ್ಥನನ್ನು. ಮುಚ್ಚಳಿಕೆ ಹುಟ್ಟಿದ್ದು ಈ ಕಲ್ಪನೆಯಿಂದ.

ಹಾಗಿದ್ದರೆ ಈ ಗೃಹಸ್ಥನನ್ನು ಬೇಕೆಂದಾಗ ಕೆಲಸದಿಂದ ಕಳಿಸಬಹುದೇ? 1964ರ ನಿಯಮಾವಳಿಯಡಿ ಇಲಾಖೆ ಬಹುಕಾಲ ಹಾಗೆಂದೇ ನಡೆದುಕೊಂಡಿತು. 1977ರ ಏಪ್ರಿಲ್‌ನಲ್ಲಿ ಪಿ.ಕೆ. ರಾಜಮ್ಮ ಪ್ರಕರಣದ ತೀರ್ಪು ಬಂತು. ಕೇರಳ, ಆಂಧ್ರ, ಒರಿಸ್ಸಾ ಹೈಕೋರ್ಟುಗಳಿಂದ ಹೋದ ಮೇಲ್ಮನವಿಗಳನ್ನು ಒಟ್ಟಾಗಿ ಕೇಳಿದ ಸುಪ್ರೀಂ ಕೋರ್ಟ್, ಇಲಾಖೇತರ ಏಜೆಂಟ್ ಹಂಗಾಮಿ ಕೂಲಿಯಲ್ಲ, ನಿಯತ ಸಿವಿಲ್ ಸೇವೆಯ ಹೊರಗಿದ್ದರೂ ಅವರು ಹಿಡಿದಿರುವುದು ಸರ್ಕಾರದ ಅಡಿಯ ಸಿವಿಲ್ ಹುದ್ದೆ ಎಂದಿತು. ಆದ್ದರಿಂದ ಸಂವಿಧಾನದ 311(2)ನೆಯ ವಿಧಿಯ ರಕ್ಷಣೆ ಅವರಿಗೂ ಉಂಟು. ಆರೋಪ ತಿಳಿಸಿ, ವಿಚಾರಣೆ ನಡೆಸಿ, ಉತ್ತರ ಹೇಳಲು ಅವಕಾಶ ಕೊಡದೆ ವಜಾ ಮಾಡುವಂತಿಲ್ಲ. ಪಾವಗಡ ತಾಲ್ಲೂಕಿನ ನಾಗಲಮಡಿಕೆಯ ಕಡೆಯ ಸೇವಕರೊಬ್ಬರಿಗೆ ಇಂದು ಆರೋಪಪಟ್ಟಿ ಬಂದರೆ ಅವರು ನಿಲ್ಲಬೇಕಾದ ನೆಲ ಇದೇ ತೀರ್ಪು. ಒಂದು ಮಿತಿಯನ್ನು ಮರೆಯಬಾರದು. ಸೇವೆಗೆ ಸೇರಿ ಮೂರು ವರ್ಷ ತುಂಬದವರನ್ನು ಒಂದು ತಿಂಗಳ ನೋಟಿಸ್ ಮೇಲೆ ಬಿಡುಗಡೆ ಮಾಡುವ ಅವಕಾಶವನ್ನು ನಿಯಮ ಇಟ್ಟುಕೊಂಡಿದೆ.

ಎರಡನೆಯ ದೊಡ್ಡ ಹೆಜ್ಜೆ ಕರ್ನಾಟಕದ್ದೇ. ಇಲಾಖೆಯ ನೌಕರ ಅಮಾನತಾದರೆ ಜೀವನಾಧಾರ ಭತ್ಯೆ ಸಿಗುತ್ತದೆ. ಇ.ಡಿ. ಏಜೆಂಟರನ್ನು ವಿಚಾರಣೆಯ ಕಾಲದಲ್ಲಿ ಕೆಲಸದಿಂದ ದೂರವಿಡುವುದಕ್ಕೆ ‘ಪುಟ್ ಆಫ್’ ಎನ್ನುತ್ತಾರೆ. 1964ರ 9(3)ನೆಯ ನಿಯಮದ ಪ್ರಕಾರ ಆ ಅವಧಿಗೆ ಬಿಡಿಗಾಸೂ ಇರಲಿಲ್ಲ. ಬೇರೆ ಆದಾಯವಿದೆಯೆಂದು ಅವರೇ ಬರೆದುಕೊಟ್ಟಿದ್ದಾರಲ್ಲ! ಉಡುಪಿ ಅಂಚೆ ವಿಭಾಗದ ಏಜೆಂಟರು ಇದನ್ನು ಕೇಂದ್ರ ಆಡಳಿತ ನ್ಯಾಯಮಂಡಳಿಯ ಬೆಂಗಳೂರು ಪೀಠದಲ್ಲಿ 1987ರಲ್ಲಿ ಪ್ರಶ್ನಿಸಿದರು. 1988ರ ಜುಲೈನಲ್ಲಿ ಪೀಠ ಆ ನಿಯಮವನ್ನೇ ರದ್ದು ಮಾಡಿತು. ವಿಷಯ ಸುಪ್ರೀಂ ಕೋರ್ಟ್‌ವರೆಗೆ ಹೋಗಿ 1995ರ ಜುಲೈನಲ್ಲಿ ಏಜೆಂಟರ ಪರವಾಗಿ ಇತ್ಯರ್ಥವಾಯಿತು. 1997ರ ಜನವರಿಯಲ್ಲಿ ನಿಯಮ ತಿದ್ದುಪಡಿಯಾಗಿ, ದೂರವಿಟ್ಟ ಕಾಲಕ್ಕೆ ಭತ್ಯೆಯ ಶೇ. 25ರಷ್ಟು ಕೊಡುವುದೆಂದಾಯಿತು. ದೇಶದ ಎಲ್ಲ ಹಳ್ಳಿ ಅಂಚೆಯವರಿಗೂ ಸಿಕ್ಕ ಈ ಹಕ್ಕಿನ ಹಿಂದೆ ಕರಾವಳಿಯ ಕೆಲವೇ ಏಜೆಂಟರ ದಾವೆ ಇದೆ. ಕರ್ನಾಟಕದ ಕಾರ್ಮಿಕ ಚರಿತ್ರೆ ಬರೆಯುವವರು ಗಿರಣಿ, ಗಣಿ, ಎಸ್ಟೇಟುಗಳ ಪಕ್ಕದಲ್ಲಿ ಇದಕ್ಕೂ ಜಾಗ ಕೊಡಬೇಕು.

ಅಂಚೆ ಇಲಾಖೆ ಕಾರ್ಮಿಕ ವಿವಾದಗಳ ಕಾನೂನು ಅನ್ವಯಿಸುವಂಥ ‘ಉದ್ಯಮ’ವೇ ಎಂಬ ಜಗಳವೂ ಇದೇ ಹೊತ್ತಿನದು. 1996ರಲ್ಲಿ ತೆಯ್ಯಂ ಜೋಸೆಫ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ ಇಬ್ಬರು ನ್ಯಾಯಾಧೀಶರು ಅಲ್ಲ ಎಂದರು. 1997ರಲ್ಲಿ ದೂರಸಂಪರ್ಕ ಇಲಾಖೆಯ ಪ್ರಕರಣವೊಂದರಲ್ಲಿ ಮೂವರ ಪೀಠ ಆ ತೀರ್ಪನ್ನು ತಳ್ಳಿಹಾಕಿತು.

ಈಗ ಮುಚ್ಚಳಿಕೆಗೆ ಬರೋಣ. 2011ರ ನಿಯಮಾವಳಿಯ 3-ಎ ನಿಯಮ ಸೇವಕರ ಸ್ಥಾನವನ್ನು ಒಂದೆಡೆ ಕಟ್ಟಿಟ್ಟಿತು. ದಿನಕ್ಕೆ ಐದು ಗಂಟೆಗಿಂತ ಹೆಚ್ಚು ಕೆಲಸ ಕೊಡುವಂತಿಲ್ಲ. 65 ವರ್ಷಕ್ಕೆ ಕೆಲಸ ಮುಗಿಯುತ್ತದೆ. ಬೇರೆ ಆದಾಯದ ಮುಚ್ಚಳಿಕೆ ಕೊಡಬೇಕು. ಸೇವಕರು ಕೇಂದ್ರದ ಸಿವಿಲ್ ಸೇವೆಯ ಹೊರಗಿನವರು, ಸರ್ಕಾರಿ ನೌಕರರಿಗೆ ಸಮಾನವೆಂದು ಕೇಳುವಂತಿಲ್ಲ. ತಮ್ಮ ಅಂಚೆ ಕಚೇರಿಯ ವ್ಯಾಪ್ತಿಯಲ್ಲೇ ವಾಸವಿರಬೇಕು. ಬ್ರಾಂಚ್ ಪೋಸ್ಟ್‌ಮಾಸ್ಟರ್ ಆದವರು ಕಚೇರಿಗೆ ಜಾಗವನ್ನೂ ತಾವೇ ಒದಗಿಸಬೇಕು. ನಡತೆಯ ನಿಯಮಗಳು ಮಾತ್ರ ಪೂರ್ಣ ಸರ್ಕಾರಿ ನೌಕರನಿಗೆ ಇರುವಂಥವೇ. ಹೊಣೆ ಹೊರಿಸುವಾಗ ಒಳಗಿನವರು, ಸೌಲಭ್ಯ ಕೊಡುವಾಗ ಹೊರಗಿನವರು.

ವಾಸದ ಷರತ್ತನ್ನೂ ಆದಾಯದ ಷರತ್ತನ್ನೂ ಎದುರುಬದುರಾಗಿ ಇಟ್ಟು ನೋಡಿದಾಗ ಈ ರಚನೆ ಬಿರುಕು ಬಿಡುತ್ತದೆ. ಊರಿನ ಮೇಷ್ಟ್ರೋ ಅಂಗಡಿಯವರೋ ಏಜೆಂಟರಾಗಿದ್ದ ಕಾಲದಲ್ಲಿ ಎರಡೂ ಒಂದೇ ಊರಿನಲ್ಲಿ ಪೂರೈಸುತ್ತಿದ್ದವು. ಈಗ ಹತ್ತನೆಯ ತರಗತಿಯ ಅಂಕದ ಮೇಲೆ ಆನ್‌ಲೈನಿನಲ್ಲಿ ಆಯ್ಕೆ ನಡೆಯುತ್ತದೆ. ಶಿರಾ ತಾಲ್ಲೂಕಿನ ಹಳ್ಳಿಯೊಂದಕ್ಕೆ ದೂರದ ಜಿಲ್ಲೆಯ, 20 ದಾಟಿದ ಹುಡುಗಿಯೋ ಹುಡುಗನೋ ಬರಬಹುದು. ಬಂದವರು ಅಲ್ಲಿಯೇ ಮನೆ ಮಾಡಬೇಕು. ಊರಲ್ಲಿ ಅಪ್ಪನ ಹೆಸರಲ್ಲಿ ಎರಡು ಎಕರೆ ಇದ್ದರೂ ಅದನ್ನು ಇಲ್ಲಿಂದ ಉಳುವುದು ಹೇಗೆ? ಆದರೂ ನೇಮಕಾತಿಯ ಪ್ರಕಟಣೆಗಳಲ್ಲಿ ಕಂಪ್ಯೂಟರ್ ತಿಳಿವಳಿಕೆ, ಸೈಕಲ್ ತುಳಿಯಲು ಬರಬೇಕೆಂಬುದರ ಸಾಲಿನಲ್ಲೇ ‘ಸಾಕಷ್ಟು ಜೀವನೋಪಾಯ’ ಇಂದಿಗೂ ಕುಳಿತಿದೆ. ಆಯ್ಕೆಯ ಪದ್ಧತಿ ಪೂರ್ತಿ ಬದಲಾಯಿತು, ಅದು ಹುಟ್ಟಿಕೊಂಡ ಕಾಲದ ಷರತ್ತು ಉಳಿದುಕೊಂಡಿತು.

ಸ್ಥಳೀಯರೇ ಆಯ್ಕೆಯಾದರೂ ಕಷ್ಟ ತಪ್ಪದು. ಪಾವಗಡದ ಒಣಬೇಸಾಯವೆಂದರೆ ಬಹುಪಾಲು ಕಡಲೆಕಾಯಿ. ಬಿತ್ತನೆಗೆ ಹದವಾದ ಮಳೆ ಬರದಿದ್ದರೆ ಬೀಜ ಮೂಟೆಯಲ್ಲೇ ಉಳಿಯುತ್ತದೆ; ಹೂ ಬಿಟ್ಟಾಗ ಮಳೆ ಕೈಕೊಟ್ಟರೆ ಬೀಜದ ಹಣವೂ ಹೋಗುತ್ತದೆ. ತಿರುಮಣಿ, ವಳ್ಳೂರು, ಬಾಲಸಮುದ್ರ, ರಾಯಚೆರ್ಲು, ಕ್ಯಾತಗಾನಚೆರ್ಲು ಸುತ್ತ ಸುಮಾರು 13,000 ಎಕರೆಯಲ್ಲಿ ಹಬ್ಬಿರುವ 2,050 ಮೆಗಾವಾಟ್‌ನ ಸೌರ ಪಾರ್ಕಿಗೆ ರೈತರು ಎಕರೆಗೆ ವರ್ಷಕ್ಕೆ 21,000 ರೂಪಾಯಿಯಂತೆ ಭೂಮಿ ಗುತ್ತಿಗೆ ಕೊಡಲು ಒಪ್ಪಿದ್ದರ ಹಿಂದೆ ಈ ಅನಿಶ್ಚಿತತೆಯೇ ಇದೆ. ಈ ಮೊತ್ತ ನಮಗೊಂದು ಅಳತೆಗೋಲನ್ನು ಕೊಡುತ್ತದೆ. ಎರಡು ಎಕರೆ ಗುತ್ತಿಗೆಗೆ ಕೊಟ್ಟವರಿಗೆ ತಿಂಗಳಿಗೆ ಬೀಳುವುದು 3,500 ರೂಪಾಯಿ, ಅದೂ ಆರಂಭದ ದರದಲ್ಲಿ. ಒಂದು ಕುಟುಂಬದ ಜೀವನಕ್ಕೆ ಸಾಕಾಗುವ ಬೇರೆ ಆದಾಯ ಇದಲ್ಲ. ಜಮೀನೇ ಇಲ್ಲದವರಿಗೆ ಅದೂ ಇಲ್ಲ. ಮುಚ್ಚಳಿಕೆಗೆ ಸಹಿ ಬೀಳುತ್ತದೆ, ಏಕೆಂದರೆ ಸಹಿ ಇಲ್ಲದೆ ಕೆಲಸವಿಲ್ಲ.

ಸಂಬಳದ ಲೆಕ್ಕವನ್ನು ಎಚ್ಚರದಿಂದ ನೋಡಬೇಕು. ಈ ಬಗ್ಗೆ ಎರಡೂ ಕಡೆ ಅತಿಶಯೋಕ್ತಿಗಳಿವೆ. ಟಿಆರ್‌ಸಿಎ ಎಂಬ ಮಾಸಿಕ ಭತ್ಯೆ 1998ರ ಮಾರ್ಚ್‌ನಿಂದ ಬಂತು, ನ್ಯಾಯಮೂರ್ತಿ ಚರಣಜಿತ್ ತಲ್ವಾರ್ ಸಮಿತಿಯ ವರದಿಯ ನಂತರ. ಈಗಿನ ದರಗಳ ಹಿಂದಿರುವುದು ಕಮಲೇಶ್ ಚಂದ್ರ ಸಮಿತಿ. ಅದು 2016ರ ನವೆಂಬರ್‌ನಲ್ಲಿ ವರದಿ ಕೊಟ್ಟರೂ ಸಂಪುಟದ ಒಪ್ಪಿಗೆ ಸಿಕ್ಕಿದ್ದು 2018ರ ಜೂನ್ 6ರಂದು, ಮೇ 22ರಿಂದ ಸೇವಕರು ದೇಶದಾದ್ಯಂತ ಮುಷ್ಕರ ಹೂಡಿದ ಮೇಲೆ. ಅದರಂತೆ 2018ರ ಜುಲೈ 1ರಿಂದ ನಾಲ್ಕು ಗಂಟೆಯ ಬ್ರಾಂಚ್ ಪೋಸ್ಟ್‌ಮಾಸ್ಟರಿಗೆ ಕನಿಷ್ಠ 12,000 ರೂಪಾಯಿ, ಐದು ಗಂಟೆಯವರಿಗೆ 14,500. ಟಪಾಲು ಹಂಚುವ ಸಹಾಯಕ ಬ್ರಾಂಚ್ ಪೋಸ್ಟ್‌ಮಾಸ್ಟರ್ ಮತ್ತು ಡಾಕ್ ಸೇವಕರಿಗೆ 10,000 ಮತ್ತು 12,000. ಮೇಲೆ ತುಟ್ಟಿಭತ್ಯೆ, ವರ್ಷಕ್ಕೆ ಶೇ. 3ರ ಏರಿಕೆ.

ಇಲಾಖೆಯ ಪೋಸ್ಟ್‌ಮ್ಯಾನ್‌ನ ಆರಂಭದ ಮೂಲವೇತನ 21,700. ದಿನಕ್ಕೆ ಎಂಟು ಗಂಟೆಯೆಂದು ಹಿಡಿದರೆ ಒಂದು ಗಂಟೆಯ ಪಾಲಿಗೆ ತಿಂಗಳಿಗೆ ಸುಮಾರು 2,712 ರೂಪಾಯಿ. ನಾಲ್ಕು ಗಂಟೆಯ ಡಾಕ್ ಸೇವಕರ ಒಂದು ಗಂಟೆಯ ಪಾಲು 2,500. ಆರಂಭದ ಹಂತದಲ್ಲಿ ಗಂಟೆಯ ದರದ ಅಂತರ ಜನ ಭಾವಿಸುವಷ್ಟು ದೊಡ್ಡದಲ್ಲ. ಹಾಗಾಗಿ ಅನ್ಯಾಯವನ್ನು ದರದಲ್ಲಿ ಹುಡುಕುವುದು ತಪ್ಪು ಜಾಗದಲ್ಲಿ ಹುಡುಕಿದಂತೆ. ಅದು ಇರುವುದು ಗಂಟೆಗಳ ಎಣಿಕೆಯಲ್ಲಿ, ಬಡ್ತಿಯಲ್ಲಿ, ಮುಪ್ಪಿನಲ್ಲಿ.

ಗಂಟೆಗಳನ್ನೇ ತೆಗೆದುಕೊಳ್ಳಿ. ಬ್ರಾಂಚ್ ಆಫೀಸಿನ ಚೀಲ ಮೇಲಿನ ಕಚೇರಿಯಿಂದ ಬರಬೇಕು. ಬಸ್ಸಿನಲ್ಲಿ ಬರುವ ಕಡೆ ಬಸ್ಸು ಬಂದಾಗಲೇ ಚೀಲ. ಕಾಯುವ ಹೊತ್ತು ಸೇವಕರದ್ದು, ಲೆಕ್ಕಕ್ಕೆ ಸಿಗುವುದು ಕಷ್ಟ. ಕೆಲಸದ ಹೊರೆಯನ್ನು ಅಳೆಯುವ ಪದ್ಧತಿ ಬೆಳೆದದ್ದು ಕಾಗದ, ಮನಿಯಾರ್ಡರ್, ರಿಜಿಸ್ಟರ್ ಟಪಾಲುಗಳ ಎಣಿಕೆಯ ಸುತ್ತ. 1995ರಲ್ಲಿ ಗ್ರಾಮೀಣ ಅಂಚೆ ಜೀವವಿಮೆ ಬಂತು. 2017ರ ಡಿಸೆಂಬರ್‌ನಲ್ಲಿ ಉದ್ಘಾಟನೆಯಾದ ‘ದರ್ಪಣ್’ ಯೋಜನೆ ಕೈಯಲ್ಲಿ ಯಂತ್ರ ಹಿಡಿಸಿತು. 2018ರ ಸೆಪ್ಟೆಂಬರ್ 1ರಂದು ಪೇಮೆಂಟ್ಸ್ ಬ್ಯಾಂಕ್ ಶುರುವಾಯಿತು. ಆಧಾರ್ ಮೇಲೆ ಮನೆ ಬಾಗಿಲಲ್ಲಿ ಹಣ ಕೊಡುವುದು ಈಗ ದಿನದ ಕೆಲಸ. ಉದ್ಯೋಗಖಾತ್ರಿಯ ಕೂಲಿಗೂ ವೃದ್ಧಾಪ್ಯ ವೇತನಕ್ಕೂ ಕಾಯುವ ಅಜ್ಜಿಯ ಬೆರಳಚ್ಚು ಯಂತ್ರಕ್ಕೆ ಹತ್ತದಿದ್ದರೆ, ಬೆಟ್ಟದ ಮರೆಯ ಹಳ್ಳಿಯಲ್ಲಿ ಸಿಗ್ನಲ್ ಸಿಗದಿದ್ದರೆ, ಒಬ್ಬರ ಬಾಗಿಲಲ್ಲೇ ಅರ್ಧ ಗಂಟೆ ಹೋಗುತ್ತದೆ. ಐದು ಗಂಟೆ ಮೀರಬಾರದೆಂಬ ನಿಯಮ ಸೇವಕರ ರಕ್ಷಣೆಗೆ ಬರೆದಂತೆ ಕಾಣುತ್ತದೆ. ಅದು ನಿಜವಾದ ರಕ್ಷಣೆಯಾಗಬೇಕಾದರೆ ಆರನೆಯ ಗಂಟೆ ಎಲ್ಲಾದರೂ ದಾಖಲಾಗಬೇಕು. ದಾಖಲಾಗದ ಗಂಟೆಗೆ ಭತ್ಯೆಯಿಲ್ಲ. ಅದೇ ಗಂಟೆಯಲ್ಲಿ ದುಡಿಯಬಹುದಾಗಿದ್ದ ‘ಬೇರೆ ಆದಾಯ’ವೂ ಇಲ್ಲ.

ರಜೆಯ ವಿಷಯವೂ ಹೀಗೇ. ವರ್ಷಕ್ಕೆ 20 ದಿನ ಸಂಬಳ ಸಹಿತ ರಜೆ, ಮಹಿಳೆಯರಿಗೆ 180 ದಿನ ಹೆರಿಗೆ ರಜೆ ಉಂಟು. ಹಿಂದೆ ಇದ್ದದ್ದಕ್ಕೆ ಹೋಲಿಸಿದರೆ ದೊಡ್ಡ ಸುಧಾರಣೆ. ಆದರೆ ರಜೆ ಹಾಕುವವರು ಬದಲಿ ಜನವನ್ನು ತಾವೇ ಹುಡುಕಿಕೊಡುವುದು ಮೊದಲಿನಿಂದ ಬಂದ ರೂಢಿ. ಬದಲಿಯವರ ಕೈಯಲ್ಲಿ ಹಣ ವ್ಯತ್ಯಾಸವಾದರೆ ಅದರ ಬಿಸಿ ಸೇವಕರಿಗೇ ತಟ್ಟುತ್ತದೆ. ಹರೆಯದವರೆಲ್ಲ ಬೆಂಗಳೂರಿನ ಗಾರೆ ಕೆಲಸಕ್ಕೋ ಗಾರ್ಮೆಂಟ್ಸಿಗೋ ಹೋಗಿರುವ ಪಾವಗಡದ ಹಳ್ಳಿಯಲ್ಲಿ, ಯಂತ್ರ ಬಲ್ಲ, ಹಣ ನಂಬಿ ಕೊಡಬಹುದಾದ ಬದಲಿ ಸಿಗುವುದು ಸುಲಭವಲ್ಲ. ಕಾಗದದ ಮೇಲಿನ 20 ದಿನ ಬದಲಿ ಸಿಕ್ಕಿದಷ್ಟೇ ದಿನವಾಗುತ್ತದೆ.

ಮುಪ್ಪಿನ ಪ್ರಶ್ನೆ ಎಲ್ಲಕ್ಕಿಂತ ಭಾರವಾದದ್ದು. ನಿಯಮದ ಪ್ರಕಾರ ಸೇವಕರಿಗೆ ಪಿಂಚಣಿಯಿಲ್ಲ. ಗ್ರಾಚ್ಯುಟಿ ಎಂಬ ಅನುಗ್ರಹ ಮೊತ್ತ, ಜೊತೆಗೆ 2011ರಿಂದ ತಿಂಗಳ ಸಣ್ಣ ವಂತಿಗೆಯ ಮೇಲೆ ನಿಂತ ಬಿಡುಗಡೆ ಸೌಲಭ್ಯ ಯೋಜನೆ. ಪರೀಕ್ಷೆ ಬರೆದು ಇಲಾಖೆಯ ಖಾಯಂ ಹುದ್ದೆಗೆ ಹೋದವರ ಸ್ಥಿತಿಯೂ ನೋಡಬೇಕಾದ್ದು. 2019ರ ನವೆಂಬರ್ 8ರಂದು ಗಂಡಿಬಾ ಬೆಹೆರಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಸೇವಕರಾಗಿ ಸಲ್ಲಿಸಿದ ವರ್ಷಗಳನ್ನು ಪಿಂಚಣಿಗೆ ಬೇಕಾದ ಅರ್ಹ ಸೇವೆಗೆ ಸೇರಿಸಲಾಗದು ಎಂದಿತು. ಇಪ್ಪತ್ತು ವರ್ಷ ಸೇವಕರಾಗಿದ್ದು, ನಲವತ್ತರ ನಂತರ ಖಾಯಂ ಆದವರಿಗೆ ಹಿಂದಿನ ಇಪ್ಪತ್ತು ವರ್ಷ ಲೆಕ್ಕದಿಂದಲೇ ಅಳಿಸಿಹೋಗುತ್ತದೆ. 2015ರಲ್ಲಿ ವರದಿ ಕೊಟ್ಟ ಏಳನೆಯ ವೇತನ ಆಯೋಗವೂ ಇವರ ಬೇಡಿಕೆಯನ್ನು ಪರಿಶೀಲಿಸಿ, ಹತ್ತನೆಯ ತರಗತಿಯ ವಿದ್ಯಾರ್ಹತೆ, ನಾಲ್ಕೈದು ಗಂಟೆಯ ಕೆಲಸ ಇವುಗಳ ಜೊತೆಗೆ ಸ್ವತಂತ್ರ ಆದಾಯವಿರಬೇಕೆಂಬ ಷರತ್ತನ್ನೂ ಎತ್ತಿ ಹೇಳಿ, ತನ್ನ ಶಿಫಾರಸು ಇವರಿಗೆ ಅನ್ವಯಿಸದು ಎಂದಿತು. ಬಡತನದಿಂದ ಹಾಕಿದ ಸಹಿ ಬಡವರಲ್ಲ ಎಂಬುದಕ್ಕೆ ಸಾಕ್ಷ್ಯವಾಯಿತು. 2024ರ ಮಾರ್ಚ್‌ನಲ್ಲಿ ಬಂದ ಆರ್ಥಿಕ ಉನ್ನತೀಕರಣ ಯೋಜನೆ 12, 24, 36 ವರ್ಷ ಪೂರೈಸಿದವರಿಗೆ ವರ್ಷಕ್ಕೆ ಕ್ರಮವಾಗಿ 4,320, 5,520, 7,200 ರೂಪಾಯಿ ಹೆಚ್ಚಿಗೆ ಕೊಡುತ್ತದೆ. ಹನ್ನೆರಡು ವರ್ಷದ ದುಡಿಮೆಗೆ ತಿಂಗಳಿಗೆ 360 ರೂಪಾಯಿ. ಸೇವೆಯ ಹಿರಿತನಕ್ಕೆ ಬೆಲೆಯಿದೆ ಎಂದು ಒಪ್ಪಿಕೊಂಡದ್ದು ಸರಿಯಾದ ಹೆಜ್ಜೆ, ಮೊತ್ತ ಸಾಲದು.

ಸೇವಕರು ಹಿಡಿದಿರುವುದು ಸಿವಿಲ್ ಹುದ್ದೆಯಾದ್ದರಿಂದ ಅವರ ದೂರು ಹೋಗಬೇಕಾದ್ದು ಆಡಳಿತ ನ್ಯಾಯಮಂಡಳಿಗೆ, ಅಂದರೆ ಬೆಂಗಳೂರಿಗೆ. ಅರ್ಜಿಯ ಶುಲ್ಕ ಕೇವಲ 50 ರೂಪಾಯಿ. ಮೊದಲು ಇಲಾಖೆಯೊಳಗೆ ಮೇಲ್ಮನವಿ ಹಾಕಬೇಕು. ಆರು ತಿಂಗಳಲ್ಲಿ ಉತ್ತರ ಬರದಿದ್ದರೆ ಮುಂದಿನ ಒಂದು ವರ್ಷದೊಳಗೆ ಮಂಡಳಿಗೆ ಹೋಗಬೇಕು. ಆದೇಶ ಬಂದಿದ್ದರೆ ಅದರ ದಿನಾಂಕದಿಂದ ಒಂದು ವರ್ಷ. ಎಷ್ಟೋ ನ್ಯಾಯವಾದ ದೂರುಗಳು ಗಡುವಿನಲ್ಲೇ ಸೋಲುತ್ತವೆ. ಆದ್ದರಿಂದ ಮೇಲ್ಮನವಿಯ ಪ್ರತಿ, ಕಳಿಸಿದ್ದಕ್ಕೆ ರಸೀದಿ, ದಿನಾಂಕ ಇವನ್ನು ಕಾಯ್ದಿಟ್ಟುಕೊಳ್ಳುವುದು ಮುಖ್ಯ. ದಿನವೂ ಊರವರಿಗೆ ರಸೀದಿ ಬರೆದುಕೊಡುವವರು ತಮ್ಮ ಕಾಗದಕ್ಕೂ ರಸೀದಿ ಕೇಳಿ ಪಡೆಯಬೇಕು.

ಮುಂದಿನ ಸಂಶೋಧನೆಗೆ ಒಂದು ಸಲಹೆ. ಮುಚ್ಚಳಿಕೆಗಳು ಸೇವಕರ ಕಡತದಲ್ಲಿರುತ್ತವೆ. ಹೆಸರುಗಳನ್ನು ಬಿಟ್ಟು, ಆದಾಯದ ಮೂಲ ಯಾವುದೆಂದು ಬರೆದಿದ್ದಾರೆ ಎಂಬುದನ್ನಷ್ಟೇ ತಾಲ್ಲೂಕುವಾರು ಒಟ್ಟು ಮಾಡಿ ಕೊಡುವಂತೆ ಮಾಹಿತಿ ಹಕ್ಕಿನಡಿ ಕೇಳಬಹುದು. ‘ವ್ಯವಸಾಯ’ ಎಂದು ಬರೆದವರೆಷ್ಟು, ಅದರಲ್ಲಿ ಸ್ವಂತ ಹೆಸರಿನಲ್ಲಿ ಪಹಣಿ ಇರುವವರೆಷ್ಟು, ಇರುವ ಜಮೀನು ಖುಷ್ಕಿಯೋ ತೋಟವೋ ಎಂದು ವಿಂಗಡಿಸಿ, ಆ ವರ್ಷಗಳ ಬರ ಘೋಷಣೆಯ ಸರ್ಕಾರಿ ಆದೇಶಗಳ ಪಕ್ಕದಲ್ಲಿಟ್ಟು ನೋಡಬೇಕು. ನಾಲ್ಕೂ ತಾಲ್ಲೂಕುಗಳನ್ನು ಬೇರೆ ಬೇರೆಯಾಗಿ ಎಣಿಸುವುದು ಅಗತ್ಯ. ಜಯಮಂಗಲಿ ಹರಿಯುವ ಕೊರಟಗೆರೆಯ ಅಡಿಕೆ ತೋಟದ ಆದಾಯವನ್ನೂ ಪಾವಗಡದ ಕಡಲೆಕಾಯಿ ಹೊಲದ ಆದಾಯವನ್ನೂ ಕೂಡಿಸಿ ಸರಾಸರಿ ತೆಗೆದರೆ, ಮುಚ್ಚಳಿಕೆ ಎಲ್ಲಿ ನಿಜ, ಎಲ್ಲಿ ಸುಳ್ಳು ಎಂಬುದೇ ಮುಚ್ಚಿಹೋಗುತ್ತದೆ.